ಬೇಲಿ, ಚಪ್ಪರ, ಬೆಕ್ಕು

ಮೊಹರಣ್ಣ ಜೀವನದಲ್ಲಿ ಹೇಳಿದ ಸುಳ್ಳುಗಳು ತೀರಾ ಕಡಿಮೆ. ಅದು ಅವನ ಒಳ್ಳೆಯತನವೇನಲ್ಲ, ಹೇಳುವ ಸಂದರ್ಭವೇ ಬರುತ್ತಿರಲಿಲ್ಲ. ಪುರಸಭೆಯ ನಾಯಿ ಪರವಾನಗಿ ವಿಭಾಗದಲ್ಲಿ ಮೊಹರು ಒತ್ತುವವನಿಂದ ಸುಳ್ಳು ಹೇಳಿಸುವಷ್ಟು ಆಸಕ್ತಿ ಯಾರಿಗಿರುತ್ತದೆ? ಜನ ನಾಯಿಯನ್ನು ತಂದು ತೋರಿಸುತ್ತಾರೆ, ಇವನು ಮೊಹರು ಒತ್ತುತ್ತಾನೆ, ಆ ಸದ್ದಿಗೆ ನಾಯಿ ಒಮ್ಮೆ ಬೊಗಳುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಆ ಕೆಲಸದ ದೆಸೆಯಿಂದಲೇ ಇಡೀ ಬೀದಿ ಅವನನ್ನು ಮೊಹರಣ್ಣ ಎಂದು ಕರೆಯುತ್ತಿತ್ತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಅಂಥವನು ಒಂದು ಭಾನುವಾರ ಊಟದ ಹೊತ್ತಿನಲ್ಲಿ, ಫೋನಿನಲ್ಲಿ, ಹೆಣ್ಣು ಕೊಟ್ಟ ಮಾವನಿಗೆ ಸುಳ್ಳು ಹೇಳಿಬಿಟ್ಟ. ಅಭ್ಯಾಸವಿಲ್ಲದವರು ಸುಳ್ಳಿಗೆ ಕೈ ಹಾಕಬಾರದು ಎಂದು ತಿಳಿದವರು ಹೇಳುವುದು ಸುಮ್ಮನಲ್ಲ.

ಮಾವ ಹಡಗುಕಟ್ಟೆಯಲ್ಲಿ ಕ್ರೇನು ಓಡಿಸಿ ನಿವೃತ್ತನಾದವನು. ಎತ್ತು, ಇಳಿಸು, ನಿಲ್ಲಿಸು ಎಂಬ ಮೂರು ಮಾತುಗಳಲ್ಲೇ ಸಂಸಾರ ಸಾಗಿಸಿದ ಮನುಷ್ಯ. ಅವನಿಗೆ ಲೋಕದಲ್ಲಿ ಪ್ರೀತಿ ಇದ್ದದ್ದು ಎರಡರ ಮೇಲೆ: ಕೆರೆಯ ಬಾಸ್ ಮೀನು ಮತ್ತು ತನ್ನ ಹಸಿರು ದೋಣಿ. ದೋಣಿಯಲ್ಲಿ ಇದ್ದದ್ದು ಎರಡೇ ಜಾಗ. ಒಂದರಲ್ಲಿ ಮಾವ, ಇನ್ನೊಂದರಲ್ಲಿ ಪ್ರತಿ ಸಲವೂ ಹಿರಿಯ ಅಳಿಯ, ಅಂದರೆ ನಮ್ಮ ಮೊಹರಣ್ಣನ ಷಡ್ಡಕ. ಷಡ್ಡಕ ಹಲ್ಲಿನ ಡಾಕ್ಟರು. ಮಾವನ ಮನೆಯ ಗೋಡೆಯ ಮೇಲೆ ಷಡ್ಡಕ ಮೀನು ಹಿಡಿದು ನಗುತ್ತಿರುವ ಫೋಟೋಗಳು ಸಾಲಾಗಿದ್ದವು. ಮೊಹರಣ್ಣನ ಫೋಟೋ ಕೂಡ ಇತ್ತು, ಇಲ್ಲವೆಂದಲ್ಲ. ಅವನದೇ ಮದುವೆಯ ಗುಂಪಿನಲ್ಲಿ, ಯಾರದೋ ಭುಜದ ಹಿಂದೆ, ಒಂದು ಕಣ್ಣು ಮತ್ತು ಅರ್ಧ ಮೂಗು.

ಆ ಎರಡನೇ ಜಾಗದಲ್ಲಿ ಒಂದೇ ಒಂದು ಸಲ ಕೂರಬೇಕೆಂಬ ಆಸೆ ಮೊಹರಣ್ಣನಿಗೆ ಮದುವೆಯಾದ ವರ್ಷದಿಂದಲೂ ಇತ್ತು. ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಮಾವನ ಕಣ್ಣಿಗೆ ತಾನು ಬೀಳುವುದೇ ಇಲ್ಲ ಎಂದು ಒಳಗೊಳಗೇ ನೊಂದುಕೊಂಡಿದ್ದ.

ಹೀಗಿರುವಾಗ ಷಡ್ಡಕ ಯಾರದೋ ಹಟಮಾರಿ ದವಡೆ ಹಲ್ಲನ್ನು ಕೀಳಲು ಹೋಗಿ ಸೊಂಟ ಹಿಡಿಸಿಕೊಂಡ. ಮಾವನ ಫೋನು ಬಂತು.

"ಬರೋ ಭಾನುವಾರ ದೋಣೀಲಿ ಒಂದು ಜಾಗ ಖಾಲಿ ಇದೆ. ನಿನಗೆ ಗಾಳ ಗೀಳ ಏನಾದ್ರೂ ಗೊತ್ತಾ?"

"ಗೊತ್ತಾ ಅಂದ್ರೆ ಏನು ಮಾವ!" ಎಂದಿತು ಮೊಹರಣ್ಣನ ಬಾಯಿ, ಅವನನ್ನು ಕೇಳದೆ. "ಒಂದೊಂದು ಎರೆಗೆ ಒಂದೊಂದು ಕೋಲು ಇಟ್ಟಿದ್ದೀನಿ. ಎಷ್ಟೋ ವರ್ಷದಿಂದ ಇದೆ."

"ಹೌದಾ? ಹಾಗಾದ್ರೆ ನಾನು ಕೋಲು ತರಲ್ಲ. ನಿನ್ನವೇ ತಾ. ಯಾವ ಎರೆಗೆ ಯಾವ ಕೋಲು ಹಿಡೀತಾನೆ ಅಂತ ನೋಡಿದ್ರೆ ಸಾಕು, ಮನುಷ್ಯ ಎಂಥೋನು ಅಂತ ತಿಳಿದುಹೋಗುತ್ತೆ." ಫೋನು ಇಟ್ಟಾಯಿತು.

ಹೆಂಡತಿ ಸೌಟು ಕೆಳಗಿಟ್ಟಳು. "ಈ ಮನೇಲಿ ಪರದೆ ನೇತುಹಾಕಿರೋ ಕೋಲು ಬಿಟ್ರೆ ಇನ್ಯಾವ ಕೋಲಿದೆ?"

"ನಾಳೆ ಸಂಜೆ ಹೊತ್ತಿಗೆ ಇರುತ್ತೆ" ಎಂದ ಮೊಹರಣ್ಣ.

ಗಾಳದ ಅಂಗಡಿಯ ಒಡತಿ ಬಾಯಿಯಲ್ಲಿ ಸೂಜಿ ಕಚ್ಚಿಕೊಂಡೇ ಮಾತನಾಡುವ ಹೆಂಗಸು. ಬಾಸ್ ಮೀನು ಅಂದ ಕೂಡಲೆ ಮೂರು ನಕಲಿ ಎರೆಗಳನ್ನು ಮೇಜಿನ ಮೇಲೆ ಸುರಿದಳು.

"ಇದು ಮುಳುಗುಮೀನು. ಎಳೆದ್ರೆ ನೀರೊಳಗೆ ಮೂತಿ ಹಾಕಿ ಓಡುತ್ತೆ. ಇದರ ಕೊಕ್ಕೆ ಸಣ್ಣವು. ಮೀನು ಕಚ್ಚಿ ಕುಣಿದಾಗ ಕೋಲೂ ಅದರ ಜೊತೆಗೇ ಬಾಗ್ಬೇಕು, ಬಿಗಿ ಹಿಡಿದ್ರೆ ಕೊಕ್ಕೆ ಕಿತ್ಕೊಂಡು ಹೋಗ್ಬಿಡುತ್ತೆ. ಅದಕ್ಕೇ ಬುಡದ ತನಕ ಬಾಗೋ ಮೆತ್ತನೆ ಕೋಲು. ಇದು ರಬ್ಬರ್ ಕಪ್ಪೆ. ಜೊಂಡಿನ ಮೇಲೆ ಕುಣಿಸೋದು. ಕಚ್ಚಿದ ಮೀನು ಜೊಂಡಿನೊಳಗೆ ನುಗ್ಗುತ್ತೆ, ಅಲ್ಲಿಂದ ಗಿಡ ಗೆಡ್ಡೆ ಸಮೇತ ಎಳೀಬೇಕು. ಅದಕ್ಕೆ ಗಟ್ಟಿ ಕೋಲು. ಈ ರಬ್ಬರ್ ಹುಳ ಇದೆಯಲ್ಲ, ಇದು ತಳದಲ್ಲಿ ಸುಮ್ನೆ ಬಿದ್ದಿರುತ್ತೆ. ಮೀನು ಬಂದು ಮೂಸಿದ್ರೂ ನಿಮ್ಮ ಅಂಗೈಗೆ ತಿಳೀಬೇಕು. ಅದಕ್ಕೆ ಮೆತ್ತಗೂ ಅಲ್ಲದ, ಗಟ್ಟಿಯೂ ಅಲ್ಲದ ನಡು ಕೋಲು, ಸೂಕ್ಷ್ಮ ತುದಿ. ತಿಳೀತಾ?"

"ತಿಳೀತು" ಎಂದ ಮೊಹರಣ್ಣ. ಅದು ಎರಡನೆಯ ಸುಳ್ಳು.

"ಮೊದಲು ನೆಲದ ಮೇಲೆ ಎಸೆದು ಕೈ ಪಳಗಿಸ್ಕೊಳ್ಳಿ. ಸುಣ್ಣದ ಕಡ್ಡೀಲಿ ಗುಂಡಗೆ ಗುರುತು ಹಾಕಿ, ಅದರೊಳಗೆ ಬೀಳಿಸಿ. ಕೊಕ್ಕೆ ಮಾತ್ರ ಬಿಚ್ಚಿಟ್ಟು ಎಸೀರಿ" ಎಂದಳು ಒಡತಿ. ಈ ಮೂರು ಮಾತುಗಳಲ್ಲಿ ಕೊನೆಯದನ್ನು ಅವನು ಅಂಗಡಿಯ ಬಾಗಿಲಲ್ಲೇ ಮರೆತ.

ಮನೆಗೆ ತಂದು ನೋಡಿದರೆ ಕೋಲುಗಳು ಮದುಮಕ್ಕಳಂತೆ ಫಳಫಳ ಹೊಳೆಯುತ್ತಿದ್ದವು. ಎಷ್ಟೋ ವರ್ಷದಿಂದ ಇದೆ ಎಂದು ಹೇಳಿಯಾಗಿದೆ. ಮೊಹರಣ್ಣ ಯೋಚಿಸಿ, ಉಪ್ಪುಕಾಗದ ತಂದು, ಮೂರನ್ನೂ ಹಿಡಿಯಿಂದ ಹಿಡಿದು ತುದಿಯ ತನಕ ತಿಕ್ಕಿದ. ಬಣ್ಣ ಮಾಸಿತು, ಅಂಟಿಸಿದ ಚೀಟಿ ಹೋಯಿತು, ಹಿಡಿಯ ಮೇಲಿದ್ದ ಚಿನ್ನದ ಬಣ್ಣದ ಸಣ್ಣ ಅಕ್ಷರಗಳೂ ಹೋದವು. ಮೂರೂ ನೋಡಲು ತಾತನ ಕಾಲದವಾದವು. ಬೆವರು ಒರೆಸಿಕೊಂಡು ಹೆಂಡತಿಯನ್ನು ಕರೆದು ತೋರಿಸಿದ.

"ಚೆನ್ನಾಗಿವೆ. ಮೆತ್ತನೇದು ಯಾವುದು?" ಎಂದಳು ಅವಳು.

ಮೊಹರಣ್ಣ ಕೋಲುಗಳನ್ನು ತಿರುಗಿಸಿ ನೋಡಿದ. ಮೂರೂ ಕಪ್ಪು, ಮೂರೂ ಒಂದೇ ಉದ್ದ. ಯಾವುದು ಮೆತ್ತಗೆ, ಯಾವುದು ಗಟ್ಟಿ ಎಂದು ಹೇಳುತ್ತಿದ್ದದ್ದು ಆ ಸಣ್ಣ ಅಕ್ಷರಗಳೇ. ಅವನು ಒಂದೊಂದನ್ನೇ ಹಿಡಿದು ಅಲ್ಲಾಡಿಸಿದ. ಹೊಸ ಅಳಿಯಂದಿರ ಹಾಗೆ ಮೂರೂ ಒಂದೇ ವಿನಯದಿಂದ ತಲೆ ಬಾಗಿಸಿದವು. ಬಲವಾಗಿ ಬಗ್ಗಿಸಲು ಹೋದರೆ ಮುರಿದೀತೆಂಬ ಭಯ. ಮರುದಿನ ಅಂಗಡಿಗೆ ಓಡಿದರೆ ಒಡತಿ ಮಗಳ ಬಾಣಂತನಕ್ಕೆ ಹೋಗಿದ್ದಳು, ಬಾಗಿಲಿಗೆ ಬೀಗ.

ಉಳಿದದ್ದು ಒಂದೇ ದಾರಿ. ಬೀದಿಗಿಳಿದು ಎಸೆದು, ಎಳೆದು ನೋಡುವುದು.

ಆ ಬೀದಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಅಲ್ಲಿಗಿನ್ನೂ ತಲುಪಿರಲಿಲ್ಲ. ಎದುರು ಸಾಲಿನ ಬೇಕರಿಯವನು ಅಂಗಡಿಗೆ ಒಂದು ಮೆಟ್ಟಿಲು ಕಟ್ಟಿಸಿದ್ದ, ಆ ಮೆಟ್ಟಿಲಿಗೆ ಇನ್ನೊಂದು ಮೆಟ್ಟಿಲು, ಅದರ ಮೇಲೆ ನೆರಳಿಗೆಂದು ಪಟ್ಟೆ ಪಟ್ಟೆ ಬಟ್ಟೆಯ ಚಪ್ಪರ. ಪಕ್ಕದ ಮನೆಯ ನಿವೃತ್ತ ಹೆಡ್‌ಮಿಸ್ಟ್ರೆಸ್ಸು, ಎಲ್ಲರ ಬಾಯಲ್ಲಿ ದೊಡ್ಡ ಟೀಚರ್, ಗೋಡೆಯೊಳಗೆ ನೆಟ್ಟ ಬೇಲಿಗಿಡ ಗೋಡೆ ದಾಟಿ ಮೊಳಗಟ್ಟಲೆ ಹೊರಗೆ ಬಂದಿತ್ತು. ಉಳಿದ ಮನೆಯವರೂ ಯಥಾಶಕ್ತಿ ಬೀದಿಗೆ ಕೈಕಾಲು ಚಾಚಿದ್ದರು. ಮೊಹರಣ್ಣನ ಮನೆಯೊಂದೇ ಒಂದಿಂಚೂ ಮುಂದೆ ಬಂದಿರಲಿಲ್ಲ. ಅದಕ್ಕೆ ಕಾರಣ ಪ್ರಾಮಾಣಿಕತೆಯಲ್ಲ, ಸೋಮಾರಿತನ.

ಸಂಜೆ ಕಚೇರಿಯಿಂದ ಬಂದವನೇ ಮೊಹರಣ್ಣ ಸುಣ್ಣದ ಕಡ್ಡಿ ಹಿಡಿದು ಬೀದಿಯುದ್ದಕ್ಕೂ, ಒಂದೊಂದು ಮನೆಯ ಮುಂದೆ ಒಂದೊಂದು, ಗುಂಡಗೆ ಗುರುತು ಹಾಕಿದ. ಹತ್ತಿರದ್ದು, ದೂರದ್ದು, ಎಡಕ್ಕೆ, ಬಲಕ್ಕೆ. ಆಮೇಲೆ ತನ್ನ ಗೇಟಿನ ಹತ್ತಿರ ನಿಂತು, ಒಂದು ಕಣ್ಣು ಮುಚ್ಚಿ, ಕೋಲು ಬೀಸಿ ದಾರವನ್ನು ಗುರುತಿನತ್ತ ಎಸೆದ. ದಾರದ ತುದಿಯ ಎರೆ ಬೇಕರಿಯ ಕೆಳಗಿನ ಮೆಟ್ಟಿಲಿಗೆ ಟಕ್ಕೆಂದು ಬಡಿಯಿತು.

ಬೇಕರಿಯವನು ಹೊರಗೆ ಬಂದು ನೋಡಿದ. ಮೆಟ್ಟಿಲ ಬುಡಕ್ಕೇ ಬಿಳಿ ಗುರುತು. ಪುರಸಭೆಯ ನೌಕರ. ಅವನ ಕೈಯಿಂದ ತನ್ನ ಮೆಟ್ಟಿಲ ತನಕ ಬಿಗಿಯಾಗಿ ಎಳೆದ ದಾರ.

"ಏನ್ ಮೊಹರಣ್ಣ, ಏನ್ ನೋಡ್ತಿದ್ದೀರಾ?" ಎಂದ, ದನಿ ತಗ್ಗಿಸಿ.

ಮೊಹರಣ್ಣ ಕೋಲನ್ನು ಬೆನ್ನ ಹಿಂದೆ ಸರಿಸಿದ. ಬೇಕರಿಯವನು ಮಾವನ ಹಳೆಯ ಇಸ್ಪೀಟು ಗೆಳೆಯ. ದಿನಾ ಸಂಜೆ ಇಬ್ಬರೂ ಫೋನಿನಲ್ಲಿ ಹರಟುವುದು ಅವನಿಗೆ ಗೊತ್ತಿತ್ತು. ಗಾಳ ಎಸೆಯುವುದನ್ನು ಈಗ ಕಲಿಯುತ್ತಿದ್ದೇನೆ ಎಂದರೆ ಮಾತು ಅಲ್ಲಿಗೆ ಮುಟ್ಟಿತೆಂದೇ ಲೆಕ್ಕ.

"ಏನಿಲ್ಲ, ಏನಿಲ್ಲ. ಸುಮ್ನೆ" ಎಂದ. "ದಯವಿಟ್ಟು ಯಾರಿಗೂ ಹೇಳ್ಬೇಡಿ."

ಇಷ್ಟೇ ಸಾಕಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಬೀದಿ ಅದು. ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನಲು ತಡವಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು: ಬೀದಿ ಅಗಲವಾಗುತ್ತದೆ, ಗುಟ್ಟಾಗಿ ಅಳತೆ ನಡೆದಿದೆ, ಅನುಮಾನ ಬಾರದಿರಲೆಂದೇ ನಾಯಿ ವಿಭಾಗದವನ ಕೈಗೆ ಕೆಲಸ ಕೊಟ್ಟಿದ್ದಾರೆ.

ಬೆಳಗ್ಗೆ ಬೇಕರಿಯವನು ಬಿಸಿ ಬ್ರೆಡ್ಡಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಮೊಹರಣ್ಣ, ಒಂದು ಸಣ್ಣ ಮಾತು. ನನ್ನ ಮೆಟ್ಟಿಲ ಹತ್ರ ಇರೋ ಗುಂಡು... ಅದನ್ನ ಒಂದು ಗೇಣು ಆ ಕಡೆ ಹಾಕೋಕಾಗುತ್ತಾ?"

ಮೆಟ್ಟಿಲು ಸುಣ್ಣವಾಗುತ್ತದೆ ಎಂದು ಪಾಪ ಕೇಳುತ್ತಿದ್ದಾನೆ ಅಂದುಕೊಂಡ ಮೊಹರಣ್ಣ. "ಅಯ್ಯೋ, ಅದಕ್ಕೇನಂತೆ! ಒಂದು ಗೇಣು ಯಾಕೆ, ಎರಡು ಗೇಣು ಹಾಕ್ತೀನಿ" ಎಂದು ಅಲ್ಲೇ ಕಾಲಲ್ಲಿ ಒರೆಸಿ ಆ ಕಡೆ ಬರೆದುಕೊಟ್ಟ. ಬೇಕರಿಯವನ ಕಣ್ಣು ಒದ್ದೆಯಾಯಿತು. ಸರ್ಕಾರಿ ಗೆರೆ ಇಷ್ಟು ಸುಲಭವಾಗಿ ಸರಿದದ್ದನ್ನು ಅವನು ಕಂಡಿರಲಿಲ್ಲ. ಮಧ್ಯಾಹ್ನ ಬಿಸ್ಕತ್ತು ಬಂತು, ಸಂಜೆ ಕೇಕು.

"ಜನ ಎಷ್ಟು ಒಳ್ಳೆಯವರು ನೋಡು" ಎಂದ ಮೊಹರಣ್ಣ ಹೆಂಡತಿಗೆ, ಬಾಯಿ ತುಂಬಾ ಕೇಕು ತುಂಬಿಕೊಂಡು.

ದೊಡ್ಡ ಟೀಚರ್ ಬೇರೆ ಜಾತಿಯ ಪ್ರಾಣಿ. ಅವರು ಲಂಚ ಕೊಟ್ಟವರೂ ಅಲ್ಲ, ಕೊಡುವವರನ್ನು ಬಿಟ್ಟವರೂ ಅಲ್ಲ. ಸಂಜೆ ಕುರ್ಚಿ ಹಾಕಿಕೊಂಡು ಗೇಟಿನಲ್ಲೇ ಕೂತರು. ಮೊಹರಣ್ಣ ಮೊದಲನೇ ಕೋಲಿಗೆ ರಬ್ಬರ್ ಕಪ್ಪೆ ಕಟ್ಟಿ ಬೀಸಿದ. ಕಪ್ಪೆ ಗುರುತನ್ನು ಬಿಟ್ಟು ಟೀಚರ ಬೇಲಿಯೊಳಗೆ ಹಾರಿತು. ಕೊಕ್ಕೆ ಬಿಚ್ಚಿರಲಿಲ್ಲವಲ್ಲ, ಕಚ್ಚಿಕೊಂಡಿತು. ಎಳೆದ. ಕೋಲು ಬಾಗಿತು. ಇನ್ನೂ ಎಳೆದ. ಕೋಲು ಇನ್ನೂ ಬಾಗಿತು. ತುದಿಯಿಂದ ಬುಡದ ತನಕ ಬಳೆಯ ಹಾಗೆ ಸುತ್ತಿಕೊಂಡಿತು, ಬೇಲಿಯ ಒಂದು ಎಲೆಯೂ ಅಲ್ಲಾಡಲಿಲ್ಲ. ಮೊಹರಣ್ಣ ಹಿಂದೆ ಹಿಂದೆ ನಡೆದು ತನ್ನ ಮನೆಯ ಗೋಡೆಗೆ ಒರಗಿ ನಿಂತ.

ಬೀದಿಯವರೆಲ್ಲ ಕಿಟಕಿಯಲ್ಲಿದ್ದರು. "ಬೇರಿನ ಬಲ ನೋಡ್ತಿದ್ದಾನೆ" ಎಂದ ಬೇಕರಿಯವನು, ವಿಷಯ ಬಲ್ಲವನ ಗತ್ತಿನಲ್ಲಿ.

ದೊಡ್ಡ ಟೀಚರ್ ಎದ್ದು ನಿಂತರು. "ಸಾಕು! ಎಳೆದು ಎಳೆದು ತೋರಿಸ್ಬೇಕಾಗಿಲ್ಲ. ಬೇಲಿ ಹೊರಗೆ ಬಂದಿದೆ ಅಂತ ನನಗೂ ಕಣ್ಣಿದೆ. ನಾಳೆ ನಾನೇ ಕತ್ತರಿಸ್ತೀನಿ. ಮಕ್ಕಳಿಗೆ ಶಿಸ್ತು ಹೇಳಿಕೊಟ್ಟವಳು ನಾನು."

ಮೊಹರಣ್ಣನಿಗೆ ಅದೊಂದೂ ಕೇಳಿಸಲಿಲ್ಲ. ಅವನು ಬಾಗಿದ ಕೋಲನ್ನೇ ನೋಡುತ್ತಿದ್ದ. ಬುಡದ ತನಕ! ಇದೇ ಮೆತ್ತನೆಯದು! ಕಪ್ಪೆಗಲ್ಲ, ಮುಳುಗುಮೀನಿಗೆ! ಸಂತೋಷ ತಡೆಯದೆ, "ಸಿಕ್ತು! ಬೇಲಿ ಸಿಕ್ತು!" ಎಂದು ಕೂಗಿಬಿಟ್ಟ. ದೊಡ್ಡ ಟೀಚರ್ ಮುಖ ಕೆಂಪಾಯಿತು. ಅವನು ಒಳಗೆ ಹೋಗಿ ಆ ಕೋಲಿನ ಹಿಡಿಗೆ ಹಸಿರು ದಾರ ಕಟ್ಟಿ ಅದಕ್ಕೆ ಬೇಲಿ ಎಂದು ಹೆಸರಿಟ್ಟ. ಮರುದಿನ ಬೆಳಗ್ಗೆ ಟೀಚರ್ ದೊಡ್ಡ ಕತ್ತರಿ ಹಿಡಿದು, ಬೇಲಿಯನ್ನು ಗೋಡೆಯ ಸಮಕ್ಕೆ ಕತ್ತರಿಸಿ, ಆ ಕಪ್ಪೆಯನ್ನೂ ಒರೆಸಿ ತಂದುಕೊಟ್ಟರು.

"ನಿಮ್ಮ ಅಳತೆ ಕಪ್ಪೆ" ಎಂದರು, ಅಷ್ಟೇ.

ಆ ಸಂಜೆ, ಕಪ್ಪೆಯಾದರೆ ಮತ್ತೆ ಬೇಲಿಗೇ ಹಾರೀತೆಂಬ ಭಯಕ್ಕೆ, ಎರಡನೆಯ ಕೋಲಿಗೆ ಮುಳುಗುಮೀನು ಕಟ್ಟಿದ. ಬೀಸಿದರೆ ಅದು ಮುಂದಕ್ಕೆ ಹೋಗಲೇ ಒಲ್ಲದು, ಕಾಲ ಬುಡದಲ್ಲೇ ಬೀಳುತ್ತದೆ. ಮೊಹರಣ್ಣ ಹಟಕ್ಕೆ ಬಿದ್ದು, ಕಣ್ಣು ಮುಚ್ಚಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಒಂದು ಸಲ ಬೀಸಿದ. ಮುಳುಗುಮೀನು ಮೇಲಕ್ಕೆ ಹಾರಿ ಬೇಕರಿಯ ಪಟ್ಟೆ ಚಪ್ಪರದ ಅಂಚಿಗೆ ಸಿಕ್ಕಿಕೊಂಡಿತು. ಅವನು ಬಿಡಿಸಲೆಂದು ಮೆಲ್ಲಗೆ ಒಂದು ಜಗ್ಗು ಜಗ್ಗಿದ. ಮೆಲ್ಲಗೆ ಎಂಬುದು ಅವನ ಮಾತು. ಕೋಲು ಮಾತ್ರ ಕಬ್ಬಿಣದ ಹಾರೆಯ ಹಾಗೆ ನೆಟ್ಟಗೇ ನಿಂತಿತು. ಚರ್ರೆಂದು ಸದ್ದಾಯಿತು. ಚಪ್ಪರ ಗೂಟ ಸಮೇತ ಕೆಳಗೆ ಬಂತು. ಅದರಡಿ ಬನ್ನು ಕೊಳ್ಳುತ್ತಿದ್ದವರು ನಾಲ್ಕು ದಿಕ್ಕಿಗೆ ಓಡಿದರು.

ಬಟ್ಟೆಯ ಕೆಳಗಿನಿಂದ ಬೇಕರಿಯವನ ತಲೆ ಹೊರಗೆ ಬಂತು. "ಮೊಹರಣ್ಣ, ಇದು ನ್ಯಾಯವಾ? ಬ್ರೆಡ್ಡು ತಿಂದ್ರಿ, ಬಿಸ್ಕತ್ತು ತಿಂದ್ರಿ, ಕೇಕು ತಿಂದ್ರಿ! ತೆಗೀರಿ ಅಂದಿದ್ರೆ ನಾನೇ ತೆಗೀತಿರ್ಲಿಲ್ವಾ? ಒಂದು ಮಾತು ಹೇಳದೆ ಕೆಡವೋದಾ?"

"ಅದು... ಕೋಲು ಗಟ್ಟಿ" ಎಂದ ಮೊಹರಣ್ಣ. ಹೆದರಿಕೆಯ ನಡುವೆಯೂ ಅವನ ಮುಖದಲ್ಲಿ ಬೆಳಕು ಮೂಡುತ್ತಿತ್ತು. ಗಟ್ಟಿ! ಕಪ್ಪೆಯ ಕೋಲು ಇದೇ!

"ಗಟ್ಟಿನೇ ಇರುತ್ತಪ್ಪ, ಪುರಸಭೆಯವರ ಕೋಲು! ಬಡವರ ಚಪ್ಪರದ ಮೇಲಲ್ವಾ ಬೀಳೋದು!" ಆ ರಾತ್ರಿ ಮೊಹರಣ್ಣ ಆ ಕೋಲಿನ ಹಿಡಿಗೆ ಕೆಂಪು ದಾರ ಕಟ್ಟಿ ಅದಕ್ಕೆ ಚಪ್ಪರ ಎಂದು ಹೆಸರಿಟ್ಟ.

ಬೇಕರಿಯವನು ಮೂರು ಹೊತ್ತೂ ಸತ್ಕಾರ ಮಾಡಿದವನು, ಅವನಿಗೇ ಈ ಗತಿಯಾದರೆ ಉಳಿದವರ ಪಾಡೇನು? ಬೆಳಗಾಗುವಷ್ಟರಲ್ಲಿ ಬೀದಿಯುದ್ದಕ್ಕೂ ಸುತ್ತಿಗೆ ಸದ್ದು. ಮೆಟ್ಟಿಲುಗಳು ಒಡೆದವು, ಹೂವಿನ ಕಟ್ಟೆಗಳು ಒಳಗೆ ಹೋದವು, ಹೊರಗೆ ಚಾಚಿದ್ದ ಸೈಕಲ್ ಗೂಡುಗಳು ಮಾಯವಾದವು. ಬೇಕರಿಯವನು ಸಿಟ್ಟಿನಲ್ಲಿ ಎರಡೂ ಮೆಟ್ಟಿಲು ಒಡೆದು ಹಲಗೆ ಇಟ್ಟ. ಮೊಹರಣ್ಣ ಕಚೇರಿಗೆ ಹೋಗುವಾಗ ಇದೆಲ್ಲ ನೋಡಿ, ಎಲ್ಲರಿಗೂ ಒಟ್ಟಿಗೇ ರಿಪೇರಿಯ ಹುಚ್ಚು ಹಿಡಿದಿದೆ ಅಂದುಕೊಂಡ.

ಸಂಜೆ ಮೂರನೆಯ ಕೋಲಿಗೆ ರಬ್ಬರ್ ಹುಳ ಕಟ್ಟಿ ಟೀಚರ ಮನೆಯ ಮುಂದಿನ ಗುರುತಿನೊಳಗೆ ಎಸೆದು ಕಾಯುತ್ತ ನಿಂತ. ಸ್ವಲ್ಪ ಹೊತ್ತಾದ ಮೇಲೆ ಅಂಗೈಯಲ್ಲಿ ಒಂದು ಸಣ್ಣ ಟಕ್. ಮತ್ತೆ ಟಕ್. ನೋಡಿದರೆ ಟೀಚರ ಬೂದು ಬೆಕ್ಕು ಹುಳುವನ್ನು ಮೂಸಿ, ಪಂಜದ ತುದಿಯಿಂದ ಮುಟ್ಟಿ ಮುಟ್ಟಿ ನೋಡುತ್ತಿದೆ. ಆ ಪಂಜದ ಮೆತ್ತನೆಯ ಮುಟ್ಟುವಿಕೆ ಇಷ್ಟುದ್ದ ದಾರ ದಾಟಿ ತನ್ನ ಅಂಗೈಗೆ ಬಂದು ಮುಟ್ಟಿದ್ದಕ್ಕೆ ಮೊಹರಣ್ಣನಿಗೆ ಮೈ ಜುಮ್ಮೆಂದಿತು. ಎರಡು ಕೋಲು ತಿಳಿದ ಮೇಲೆ ಉಳಿದದ್ದು ಮೂರನೆಯದು ಎಂಬುದು ಅವನಿಗೆ ಆಗ ಹೊಳೆದಿರಲಿಲ್ಲ, ಬೆಕ್ಕೇ ಹೇಳಬೇಕಾಯಿತು, ಕೋಲಿಗೂ ಅದೇ ಹೆಸರಾಯಿತು.

"ನನ್ನ ಬೆಕ್ಕನ್ನೂ ಅಳೀತೀರಾ?" ಎಂದು ಗೇಟಿನಿಂದ ಟೀಚರ ದನಿ ಬಂತು. "ನಾಯಿ ಮುಗೀತು, ಈಗ ಬೆಕ್ಕಿಗೂ ಪರವಾನಗಿನಾ?"

ಶಿಸ್ತಿನ ಹೆಂಗಸು ಒಳಗೆ ಹೋಗಿ ಪುರಸಭೆಯ ರಸ್ತೆ ವಿಭಾಗಕ್ಕೆ ಫೋನು ಮಾಡಿದರು. ದೂರು ಕೊಡಲಿಕ್ಕಲ್ಲ. ತಮ್ಮ ಬೇಲಿ ತೆಗೆದಾಯಿತು, ಪಕ್ಕದವರದೂ ಆಯಿತು, ಬೆಕ್ಕನ್ನು ಮಾತ್ರ ಬಿಟ್ಟುಬಿಡಿ ಎಂದು ಹೇಳಲಿಕ್ಕೆ.

ಶನಿವಾರ ಸಂಜೆ ರಸ್ತೆ ವಿಭಾಗದ ಇಂಜಿನಿಯರ್ ಸಾಹೇಬರು ಬಂದರು. ಬಂದವರೇ ಬೀದಿಯ ನಡುವೆ ನಿಂತು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಟೇಪು ಹಿಡಿದು ಅಳೆದರು, ನಂಬದೆ ಇನ್ನೊಮ್ಮೆ ಅಳೆದರು. "ನಾನು ಕೆಲಸಕ್ಕೆ ಸೇರಿದಾಗಿಂದ ಈ ಬೀದಿಗೆ ನೋಟೀಸು ಕೊಡ್ತಾನೇ ಇದ್ದೀನಿ. ಒಂದು ಇಟ್ಟಿಗೆ ಅಲ್ಲಾಡಿಸೋಕಾಗ್ಲಿಲ್ಲ. ಇದನ್ನ ಮಾಡಿದ್ದು ಯಾರು?"

ಇಡೀ ಬೀದಿ ಬೆರಳು ತೋರಿಸಿತು. ಮೊಹರಣ್ಣ ಕೈಯಲ್ಲಿ ಮೂರು ಕೋಲು ಹಿಡಿದು ಗೇಟಿನಲ್ಲಿ ನಿಂತಿದ್ದ. ಕೆಲಸ ಹೋಯಿತೆಂದೇ ಅಂದುಕೊಂಡ.

ಇಂಜಿನಿಯರ್ ಹತ್ತಿರ ಬಂದು ಕೈ ಕುಲುಕಿದರು. "ನಾಯಿ ವಿಭಾಗದಲ್ಲಿ ಇಂಥ ಪ್ರತಿಭೆ ಕೊಳೀತಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಇದೇನಾ ನಿಮ್ಮ ಉಪಕರಣ? ನಾಳೆ ಬೆಳಗ್ಗೆ ಮಾರುಕಟ್ಟೆ ಬೀದೀಗೆ ಬನ್ನಿ. ಅಲ್ಲಿ ಒಂದು ಕಟ್ಟಡದ ಅರ್ಧ ಭಾಗ ರಸ್ತೇಲಿದೆ."

"ನಾಳೆ ಆಗಲ್ಲ ಸಾರ್" ಎಂದ ಮೊಹರಣ್ಣ, ಸಣ್ಣ ದನಿಯಲ್ಲಿ.

"ಯಾಕೆ? ಯಾವ ಬೀದಿಗೆ ಹೋಗ್ತಿದ್ದೀರಾ?"

ಇಲ್ಲಿ ಇನ್ನೊಂದು ಸುಳ್ಳು ಹೇಳಿದ್ದರೆ ಬಡ್ತಿಯೇ ಸಿಗುತ್ತಿತ್ತೇನೋ. ಆದರೆ ಆ ಭಾನುವಾರ, ಆ ದೋಣಿ, ಆ ಎರಡನೆಯ ಜಾಗ ಅವನ ಕಣ್ಣ ಮುಂದೆ ನಿಂತಿತ್ತು. ಅದನ್ನು ಮಾರುಕಟ್ಟೆ ಬೀದಿಗೆ ಬಿಟ್ಟುಕೊಡುವುದು ಅವನಿಂದ ಆಗುವ ಕೆಲಸವಾಗಿರಲಿಲ್ಲ.

"ಮೀನು ಹಿಡಿಯೋಕೆ ಸಾರ್. ಇವು ಗಾಳದ ಕೋಲು. ನಾನು ಯಾವ ಬೀದೀನೂ ಅಳೀಲಿಲ್ಲ. ಎಸೆಯೋದು ಕಲೀತಿದ್ದೆ ಅಷ್ಟೇ."

ಎಲ್ಲೋ ಒಂದು ಹಲಗೆ ಜಾರಿ ಬಿದ್ದ ಸದ್ದು ಕೇಳಿಸಿತು. ಅದು ಬೇಕರಿಯವನ ಹಲಗೆ.

"ಮೀನಾ?" ಎಂದ ಬೇಕರಿಯವನು. "ನನ್ನ ಚಪ್ಪರ ಬಿದ್ದದ್ದು ಮೀನಿಗಾ? ನನ್ನ ಕೇಕು ವಾಪಸ್ ಕೊಡಿ ಮೊಹರಣ್ಣ!"

"ನನ್ನ ಬೇಲಿ!" ಎಂದರು ದೊಡ್ಡ ಟೀಚರ್. "ಅದಿರಲಿ, ಅವನ ಗುಂಡು ಎರಡು ಗೇಣು ಸರಿಸಿದಿರಿ, ನನ್ನದು ಯಾಕೆ ಸರಿಸಲಿಲ್ಲ?"

"ಮೆಟ್ಟಿಲು ಮತ್ತೆ ಕಟ್ಟಿಸ್ತೀನಿ, ಈಗಲೇ!" ಎಂದ ಬೇಕರಿಯವನು.

"ಕಟ್ಟಿಸಿ ನೋಡಿ" ಎಂದರು ಇಂಜಿನಿಯರ್, ಟೇಪನ್ನು ಎದೆಗವಚಿಕೊಂಡು. "ನಾನು ಅಳೆದಾಯ್ತು. ಮೀನಿಗಾದ್ರೂ ಸರಿ, ತಿಮಿಂಗಿಲಕ್ಕಾದ್ರೂ ಸರಿ, ಬೀದಿ ಈಗ ಬೀದಿಯಷ್ಟಿದೆ. ಹೀಗೇ ಇರಬೇಕು."

ಜಗಳ ಇನ್ನೇನು ಕೈಗೆ ಬರಬೇಕು, ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಹಾರ್ನ್ ಸದ್ದು. ಹಳೆಯ ಜೀಪೊಂದು ಹಿಮ್ಮುಖವಾಗಿ ಬೀದಿಯೊಳಗೆ ಬರುತ್ತಿತ್ತು. ಅದಕ್ಕೆ ಕಟ್ಟಿದ ಗಾಡಿಯ ಮೇಲೆ ಹಸಿರು ದೋಣಿ. ಜನ ಜಗಳ ಮರೆತು ಗೋಡೆಗೆ ಒರಗಿ ದಾರಿ ಬಿಟ್ಟರು. ದೋಣಿಯ ಒಂದು ಬದಿ ಬೇಕರಿಯ ಗೋಡೆಗೆ ಒಂದು ಗೇಣು, ಇನ್ನೊಂದು ಬದಿ ಟೀಚರ ಗೋಡೆಗೆ ಒಂದು ಗೇಣು. "ಬಲಕ್ಕೆ, ಬಲಕ್ಕೆ!" ಎಂದು ಬೇಕರಿಯವನೇ ಅಭ್ಯಾಸಬಲದಿಂದ ಕೂಗಿದ. "ಸ್ಟೇರಿಂಗು ನೇರ ಮಾಡಿ!" ಎಂದರು ಟೀಚರ್. ದೋಣಿ ಸರಾಗವಾಗಿ ಬಂದು ಮೊಹರಣ್ಣನ ಗೇಟಿನ ಮುಂದೆ ನಿಂತಿತು. ಜೀಪಿನಿಂದ ಮಾವ ಇಳಿದ.

ಮಾವ ಬೀದಿಯನ್ನು ಆ ತುದಿಯಿಂದ ಈ ತುದಿಯ ತನಕ ನೋಡಿದ. ಆಮೇಲೆ ಅಳಿಯನ ಭುಜದ ಮೇಲೆ ಕೈ ಇಟ್ಟ. ಕ್ರೇನಿನ ಕೈ, ಭುಜ ಕುಸಿಯಿತು.

"ಬೇಕರಿಯವನು ಫೋನಲ್ಲಿ ಎಲ್ಲ ಹೇಳಿದ. ಬೀದೀನೇ ಅಗಲ ಮಾಡಿಸ್ತಿದ್ದೀಯಂತೆ. ದೋಣಿ ಒಳಗೆ ಬರ್ಲಿ ಅಂತ ತಾನೆ?" ಮಾವ ದೋಣಿಯ ಅಂಚನ್ನು ಸವರಿದ. "ನನ್ನ ದೊಡ್ಡ ಅಳಿಯ ನನಗೆ ಒಂದು ಟೋಪಿ ಕೊಡಿಸಿದ್ದಾನೆ. ನೀನು ಬೀದಿ ಕೊಡಿಸಿದೆ."

"ಮಾವ, ಅಂದ್ರೆ ನೀವು ಇಷ್ಟು ವರ್ಷ ನನ್ನ ಕರೀದೆ ಇದ್ದದ್ದು..."

"ಹೇಗೆ ಕರೀಲಿ? ದೋಣಿ ಅವನ ಶೆಡ್ಡಲ್ಲಿ, ಅವನ ಬೀದಿ ಅಗಲ. ಒಂದು ಸಲ ನಿಮ್ಮ ಬೀದಿ ತುದೀಲಿ ನಿಂತು ಹಾರ್ನ್ ಹಾಕ್ದೆ. ನೀನು ಕಿಟಕಿಗೆ ಬಂದೆ, ಯಾರದ್ದಪ್ಪ ಈ ಗಲಾಟೆ ಅಂತ ಕಿಟಕಿ ಮುಚ್ಕೊಂಡೆ. ಮೀನು ಅಂದ್ರೆ ನಿನಗೆ ಆಗಲ್ಲ ಅಂದ್ಕೊಂಡೆ."

ಮೊಹರಣ್ಣನಿಗೆ ಆ ಬೆಳಗು ನೆನಪಾಯಿತು. ಕಿಟಕಿ ಮುಚ್ಚಿ ಮತ್ತೆ ಮಲಗಿದ್ದೂ ನೆನಪಾಯಿತು. ಇಷ್ಟು ವರ್ಷದ ನೋವು ಒಂದು ಹಾರ್ನಿನಷ್ಟೇ ಇತ್ತಲ್ಲ ಎಂದು ಅವನಿಗೆ ನಗುವೂ ಬಂತು, ಅಳುವೂ ಬಂತು. ಸುಳ್ಳನ್ನು ಇನ್ನು ಹೊತ್ತುಕೊಂಡಿರಲು ಮನಸ್ಸಾಗಲಿಲ್ಲ.

"ಮಾವ, ಬೀದಿ ತಾನಾಗೇ ಆಯ್ತು. ಕೋಲುಗಳೂ ಹಳೇವಲ್ಲ. ಈ ವಾರ ತಂದು ಉಪ್ಪುಕಾಗದ ಹಾಕಿ ತಿಕ್ಕಿದ್ದೀನಿ. ನನಗೆ ಏನೂ ಗೊತ್ತಿರ್ಲಿಲ್ಲ" ಎಂದ. ಹೆಂಡತಿ ಅವನ ಕಾಲು ತುಳಿದದ್ದು ಒಂದು ಕ್ಷಣ ತಡವಾಯಿತು.

ಮಾವ ಮೂರು ಕೋಲುಗಳನ್ನೂ ತೆಗೆದುಕೊಂಡು ಒಂದೊಂದನ್ನೇ ತಿರುಗಿಸಿ ನೋಡಿದ. ಮುಖ ಬಿಗಿಯಿತು. "ಕಪ್ಪೆಗೆ ಯಾವುದು?"

"ಗಟ್ಟೀದು, ಮಾವ" ಎಂದು ಮೊಹರಣ್ಣ ಅನ್ನುತ್ತಿದ್ದಂತೆಯೇ ಬೇಕರಿಯವನು ಮುನ್ನುಗ್ಗಿದ. "ಗಟ್ಟೀದಾ? ಕೆಂಪು ದಾರ ಕಟ್ಟಿರೋದು! ಒಂದೇ ಜಗ್ಗಿಗೆ ನನ್ನ ಚಪ್ಪರ ಗೂಟ ಸಮೇತ ಕಿತ್ತು ಬಂತು. ಎಳ್ಳಷ್ಟೂ ಬಾಗ್ಲಿಲ್ಲ. ನಾನೇ ಸಾಕ್ಷಿ!"

"ಮುಳುಗುಮೀನಿಗೆ?"

"ಮೆತ್ತನೇದು" ಎಂದ ಮೊಹರಣ್ಣ. "ಹಸಿರು" ಎಂದರು ದೊಡ್ಡ ಟೀಚರ್, ಖಾರವಾಗಿ. "ಬುಡದ ತನಕ ಬಾಗುತ್ತೆ. ನನ್ನ ಬೇಲೀದು ಒಂದು ಎಲೆ ಕೀಳೋಕೂ ಆಗ್ಲಿಲ್ಲ ಅದರ ಕೈಲಿ."

"ಹುಳಕ್ಕೆ?"

ಎಲ್ಲರೂ ಗೋಡೆಯ ಮೇಲಿದ್ದ ಬೂದು ಬೆಕ್ಕನ್ನು ನೋಡಿದರು. "ಉಳಿದದ್ದು, ಮಾವ" ಎಂದ ಮೊಹರಣ್ಣ. "ಅದು ಮೂಸಿದ್ದು ಅಂಗೈಗೆ ತಿಳೀತು."

ಮಾವ ಕೋಲುಗಳನ್ನು ಒಂದೊಂದಾಗಿ ಬಗ್ಗಿಸಿ, ಜಗ್ಗಿ ಪರೀಕ್ಷಿಸಿದ. ಮೂರೂ ಸರಿ. "ಡಾಕ್ಟರಿಗೆ ಇಷ್ಟು ವರ್ಷ ಹೇಳಿಕೊಟ್ಟೆ. ಅವನು ಇವತ್ತಿಗೂ ಗಟ್ಟಿ ಕೋಲಿಗೆ ಮುಳುಗುಮೀನು ಕಟ್ಟಿ, ಹಲ್ಲು ಕೀಳೋ ಹಾಗೆ ಜಗ್ಗಿ ಮೀನು ಬಿಟ್ಕೊಡ್ತಾನೆ. ನಡಿ, ಬೆಳಗ್ಗೆ ಬೇಗ ಹೊರಡೋಣ." ಬೇಕರಿಯವನಿಗೂ ಟೀಚರಿಗೂ ಒಂದೊಂದು ಮೀನು ತರುತ್ತೇವೆಂದು ಮಾತು ಕೊಟ್ಟ ಮೇಲೆ ಬೀದಿ ಸಮಾಧಾನವಾಯಿತು.

ಆ ಭಾನುವಾರದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಸುಖವಾಗಿದ್ದ ದಿನದಲ್ಲಿ ಹೇಳುವುದು ಕಡಿಮೆ. ನೀರು ತಣ್ಣಗಿತ್ತು. ಆಗಾಗ ಮಾವ ಕೈ ಚಾಚಿ "ಚಪ್ಪರ ಕೊಡು" ಎನ್ನುತ್ತಿದ್ದ, ಮತ್ತೆ ಸ್ವಲ್ಪ ಹೊತ್ತಿಗೆ "ಬೆಕ್ಕು ಕೊಡು" ಎನ್ನುತ್ತಿದ್ದ. ಬೇಲಿಗೆ ಕಚ್ಚಿದ ದೊಡ್ಡ ಮೀನನ್ನು ಮೊಹರಣ್ಣ ಒಂದು ಚೂರೂ ಜಗ್ಗದೆ, ಕೋಲು ಬಾಗಿದಷ್ಟೂ ಬಾಗಲು ಬಿಟ್ಟು ತಂದ. ಮಾವ ಅವನ ಫೋಟೋ ತೆಗೆದ. ಎರಡೂ ಕಣ್ಣು, ಪೂರ್ತಿ ಮೂಗು.

ವಾಪಸಾದ ಮೇಲೆ ಮಾವ ದೋಣಿಯನ್ನು ಷಡ್ಡಕನ ಶೆಡ್ಡಿಗೆ ಒಯ್ಯಲಿಲ್ಲ. "ಇಲ್ಲೇ ಇರ್ಲಿ" ಎಂದು ಮೊಹರಣ್ಣನ ಗೇಟಿನ ಮುಂದೆ ಬಿಟ್ಟು ಹೋದ. ರಾತ್ರಿ ಷಡ್ಡಕನ ಫೋನು ಬಂತು. ಸೊಂಟ ನೋವಿನಲ್ಲೇ ಕೇಳಿದ: "ಅಲ್ಲಯ್ಯ, ಮಾವ ಬೆಕ್ಕು ಬೆಕ್ಕು ಅಂತ ಹೊಗಳ್ತಿದ್ದಾರೆ. ಅದು ಯಾವ ಕಂಪನೀದು?"

ಮರುದಿನ ಬೆಳಗ್ಗೆ ಕಚೇರಿಗೆ ಹೊರಟ ಮೊಹರಣ್ಣ ಗೇಟು ತೆರೆದು ನಿಂತುಬಿಟ್ಟ. ಬೀದಿಗೆ ಚಾಚಿದ ದೋಣಿಯ ಮೂತಿಯ ಕೆಳಗೆ, ನೆಲದ ಮೇಲೆ, ದುಂಡಗೆ, ಶಿಸ್ತಾಗಿ, ಒಂದು ಬಿಳಿ ಗುರುತು. ಪಕ್ಕದ ಗೇಟಿನಲ್ಲಿ ದೊಡ್ಡ ಟೀಚರ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಸುಣ್ಣದ ಕಡ್ಡಿ, ತೊಡೆಯ ಮೇಲೆ ಬೆಕ್ಕು. ಎದುರು ಹಲಗೆಯ ಮೇಲೆ ನಿಂತು ಬೇಕರಿಯವನು ನೋಡುತ್ತಿದ್ದ.

ಮೊಹರಣ್ಣ ಒಳಗೆ ಹೋಗಿ, ಉಳಿದದ್ದರಲ್ಲಿ ದೊಡ್ಡ ಮೀನನ್ನು ಆರಿಸಿ, ಕಾಗದದಲ್ಲಿ ಸುತ್ತಿ ತಂದು ಟೀಚರ ಮುಂದೆ ನಿಂತ.

"ಟೀಚರ್, ಒಂದು ಸಣ್ಣ ಮಾತು" ಎಂದ. "ಆ ಗುಂಡು ಇದೆಯಲ್ಲ, ಅದನ್ನ ಒಂದು ಗೇಣು ಆ ಕಡೆ ಹಾಕೋಕಾಗುತ್ತಾ?"